ಎಂಟನೇ ಮಂಚ

ಬುಖಾರೆಸ್ಟ್
27 ಫೆಬ್ರವರಿ 2023

ಪ್ರೀತಿಯ ಇಲಿಂಕ,

ಏಳು ವರ್ಷದ ಮೇಲೆ ಕಾಗದ ಬಂದಿದೆಯಲ್ಲ ಅಂತ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನಾನು ಸ್ಮರಾಂಡ. ಹಾಸ್ಟೆಲಿನ ಆರನೇ ಕೋಣೆ, ಕಿಟಕಿ ಪಕ್ಕದ ಮಂಚ, ಇಂಗ್ಲಿಷ್ ಅಪ್ಪನಿಂದ ಬಂದ ಉದ್ದ ಮೂಗು. ನೀವೆಲ್ಲ ‘ಲಂಡನ್ ರಾಣಿಯ ಮೊಮ್ಮಗಳು’ ಅಂತ ರೇಗಿಸುತ್ತಿದ್ದಿರಲ್ಲ, ಅವಳೇ. (ಅಪ್ಪ ಲಂಡನ್ನಿನವನೇ ಅಲ್ಲ, ಲೀಡ್ಸ್‌ನವನು. ಈಗ ಅಲ್ಲಿಗೇ ವಾಪಸು ಹೋಗಿದ್ದಾನೆ.)

ನಿನ್ನ ವಿಳಾಸ ನಿಮ್ಮಮ್ಮ ಕೊಟ್ಟರು. ಸಿಬಿಯುನಲ್ಲಿ ಏನೋ ಬರೆಯುವ ಕೆಲಸದಲ್ಲಿದ್ದಾಳೆ ಅಂದರು. ಗುಮಾಸ್ತೆ ಕೆಲಸ ಇರಬೇಕು ಅಂದುಕೊಂಡೆ. ನಾನು ಇಲ್ಲಿ ಮನಶ್ಶಾಸ್ತ್ರದ ಮೊದಲ ವರ್ಷ. ತರಗತಿಯಲ್ಲಿ ನನ್ನ ಹೆಸರು ಕರೆದರೆ ಪೆನ್ನು ಬಿದ್ದ ನೆಪದಲ್ಲಿ ಬೆಂಚಿನ ಕೆಳಗೆ ಬಗ್ಗುತ್ತೇನೆ, ಅಷ್ಟು ಪುಕ್ಕಲಿ. ಆದರೆ ಮಧ್ಯಾಹ್ನದ ಮೇಲೆ ನನಗೊಂದು ಕೆಲಸವಿದೆ. ಈ ಕಾಗದ ಅದರ ವಿಷಯಕ್ಕೇ.

ವಿಡಿಯೊ ಗೇಮ್ ಡಬ್ಬಿಯ ಮೂಲೆಯಲ್ಲಿ 7, 12, 16, 18 ಅಂತ ವಯಸ್ಸಿನ ಅಂಕಿ ಇರುತ್ತದಲ್ಲ, ಅದನ್ನು ತೀರ್ಮಾನಿಸುವ ಸಮಿತಿಯಲ್ಲಿದ್ದೇನೆ. ತೀರ್ಪು ಹೇಳುವವರು ನಾಲ್ವರು: ಒಬ್ಬ ಪಾದ್ರಿ, ಒಬ್ಬ ಮಕ್ಕಳ ಡಾಕ್ಟರು, ಒಬ್ಬ ಮೇಷ್ಟ್ರು, ಒಬ್ಬ ಗ್ರಂಥಪಾಲಕಿ. ತಮಾಷೆ ಏನು ಗೊತ್ತಾ? ಈ ನಾಲ್ವರೂ ಆಟವನ್ನು ಕೈಯಲ್ಲಿ ಮುಟ್ಟುವುದಿಲ್ಲ. ಆಡುವವಳು ನಾನು. ಮೊದಲಿಂದ ಕೊನೆಯವರೆಗೂ ಆಡಬೇಕು, ದಿನಚರಿ ಪುಸ್ತಕದಲ್ಲಿ ‘ಪೂರ್ತಿ ಆಡಿದ್ದೇನೆ’ ಅಂತ ಸಹಿ ಹಾಕಬೇಕು, ಆಮೇಲೆ ಅವರ ಮುಂದೆ ಕೂತು ಎರಡು ಗಂಟೆ ಆಡಿ ತೋರಿಸಬೇಕು. ನಲವತ್ತು ಗಂಟೆಯ ಆಟದಲ್ಲಿ ಯಾವ ಎರಡು ಗಂಟೆ? ಅದು ನನ್ನ ಇಷ್ಟ.

ಈಗ ಕೇಳು. ಮೊನ್ನೆ ನನ್ನ ಮೇಜಿಗೆ ಬಂದ ಆಟದ ಹೆಸರು ‘ಎಂಟನೇ ಮಂಚ’. ಅದರ ಮೊದಲ ಅಧ್ಯಾಯ ಬಿಟ್ಟಿ ಬಿಟ್ಟಿದ್ದಾರೆ, ಮೆಟ್ರೋದಲ್ಲಿ, ಬೇಕರಿ ಸಾಲಿನಲ್ಲಿ ಎಲ್ಲಿ ನೋಡಿದರೂ ಮಕ್ಕಳ ಕೈಯಲ್ಲಿ ಅದೇ. ಪೂರ್ತಿ ಆಟ ಬೇಸಿಗೆ ರಜೆಗೆ ಬರುತ್ತದಂತೆ. ಡಬ್ಬಿಯ ಮೇಲೆ ಮಾಡಿದವನ ಹೆಸರು: ಹೊರಿಯಾ ಬ್ರುದಾಸ್ಕು.

ನಮ್ಮ ವಾರ್ಡನ್ ಮಗ ಹೊರಿಯಾ. ಜನವರಿಯ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಿನ್ನನ್ನು ಬಟ್ಟೆ ಒಣಗಿಸುವ ಕೋಣೆಗೆ ತಳ್ಳಿ ಹೊರಗಿಂದ ಚಿಲಕ ಹಾಕಿದವನು. ಸೋಮವಾರ ಬೆಳಿಗ್ಗೆ ಅಗಸಗಿತ್ತಿ ಬಂದು ತೆಗೆಯುವವರೆಗೂ ನೀನು ಒಳಗೇ. ಹದಿನೆಂಟು ಗಂಟೆ. ಆಮೇಲೆ ನಿಮ್ಮಮ್ಮ ಬಂದು ನಿನ್ನನ್ನು ಕರೆದುಕೊಂಡು ಹೋದರು. ಅವನಿಗೆ ಒಂದು ಏಟೂ ಬೀಳಲಿಲ್ಲ. ಅವತ್ತು ನಾನೆಷ್ಟು ಅತ್ತೆ ಗೊತ್ತಾ?

ಅದೇ ಹಾಸ್ಟೆಲನ್ನು ಅವನೀಗ ಮಕ್ಕಳ ಆಟ ಮಾಡಿ ಮಾರಲು ಹೊರಟಿದ್ದಾನೆ. ಕೋಣೆ, ಎಂಟು ಮಂಚ, ಒಣಗುವ ಬಟ್ಟೆ, ಒಳಗೆ ಸಿಕ್ಕಿಬಿದ್ದ ಮಗು, ಎಲ್ಲ ಇದೆ. ಅವನು ಕೇಳಿರುವುದು 12. ನಾನು ಕೊಡಿಸುವುದು 18. ಹದಿನೆಂಟು ಬಿದ್ದರೆ ಅಂಗಡಿಯಲ್ಲಿ ಕಪ್ಪು ಪರದೆಯ ಹಿಂದಿನ ಕಪಾಟು, ಶಾಲೆಗಳು ಮುಟ್ಟುವುದಿಲ್ಲ, ಹೊರಿಯಾ ಮುಗಿದ.

ಪರಿಶೀಲನೆಯಲ್ಲಿರುವ ಆಟದ ಬಗ್ಗೆ ಹೊರಗೆ ಮಾತಾಡುವಂತಿಲ್ಲ. ನಮ್ಮ ಮೇಲ್, ಮೆಸೇಜ್ ನೋಡುತ್ತಾರೆ. ಕಾಗದ ಯಾರು ನೋಡುತ್ತಾರೆ ಹೇಳು! ಅದಕ್ಕೇ ಹೀಗೆ. ಓದಿ ಹರಿದುಹಾಕು.

ಮಾರ್ಚ್ ಒಂದರ ವಸಂತದ ಹಬ್ಬಕ್ಕೆ ಕೈಗೆ ಕಟ್ಟಿಕೊಳ್ಳಲಿ ಅಂತ ಕೆಂಪು-ಬಿಳಿ ದಾರ ಇಟ್ಟಿದ್ದೇನೆ.

ನಿನ್ನ,
ಸ್ಮರಾಂಡ

*

ಸಿಬಿಯು
9 ಮಾರ್ಚ್ 2023

ಸ್ಮರಾಂಡ,

ನಿನ್ನ ಕಾಗದ ಬಂತು. ನೀನು ನೆನಪಿದ್ದೀಯ. ಮೂಗು ಹೇಳದಿದ್ದರೂ ಗೊತ್ತಾಗುತ್ತಿತ್ತು.

ನಾನು ಚೆನ್ನಾಗಿದ್ದೇನೆ. ಕೆಲಸ ಇದೆ. ಮುಚ್ಚಿದ ಕೋಣೆಯಲ್ಲಿ ಈಗಲೂ ಮಲಗುವುದಿಲ್ಲ, ಅಡುಗೆಮನೆಗೂ ಮಲಗುವ ಜಾಗಕ್ಕೂ ನಡುವೆ ಬಾಗಿಲೇ ಇಲ್ಲದ ಮನೆ ಹುಡುಕಿಕೊಂಡಿದ್ದೇನೆ. ಈರುಳ್ಳಿ ಹುರಿದ ವಾಸನೆ ದಿಂಬಿಗೆಲ್ಲ ಹತ್ತುತ್ತದೆ.

ಆ ಆಟದ ಬಗ್ಗೆ ನಾನು ಏನು ಹೇಳುವುದು? ಆಡುವವಳು ನೀನು. ಎರಡು ಮಾತು ಮಾತ್ರ ಕೇಳುತ್ತೇನೆ. ಅದರಲ್ಲಿ ಎಣಿಸುವ ಹುಡುಗಿ ಒಬ್ಬಳಿದ್ದಾಳೆ ಅಂತ ಬಿಟ್ಟಿ ಅಧ್ಯಾಯ ಆಡಿದ ಮಕ್ಕಳು ಹೇಳುತ್ತಾರೆ. ಅವಳನ್ನು ನೋಡಿದರೆ ನಿನಗೆ ಏನನ್ನಿಸುತ್ತದೆ? ಇನ್ನೊಂದು, ಕೊನೆಯವರೆಗೂ ಆಡುತ್ತೀಯಲ್ಲ?

ಇಲಿಂಕ

*

ಬುಖಾರೆಸ್ಟ್
14 ಮಾರ್ಚ್ 2023

ಇಲಿಂಕ, ನನ್ನ ಚಿನ್ನ,

ನಿನ್ನ ಕಾಗದ ಎಷ್ಟು ಚಿಕ್ಕದು ಕಣೇ! ಇನ್ನೂ ಹೆದರಿಕೆ ಹೋಗಿಲ್ಲ ಪಾಪ ಅನ್ನಿಸಿತು. ಹೊರಿಯಾ ಹೆಸರು ಬರೆಯಲೂ ನಿನ್ನ ಕೈ ಬಂದಿಲ್ಲ. ಓದಿ ನನ್ನ ರಕ್ತ ಕುದಿಯಿತು. ನೀನು ಏನೂ ಮಾಡಬೇಡ, ಸುಮ್ಮನೆ ಕೂತಿರು. ನಿನ್ನ ಪರವಾಗಿ ಸೇಡು ತೀರಿಸುವವಳು ನಾನಿದ್ದೇನೆ.

ಇಷ್ಟರಲ್ಲಿ ಹದಿನೇಳು ಗಂಟೆ ಆಡಿದ್ದೇನೆ. ಆಡುವವರು ಪುಫ್ ಎಂಬ ಮಗುವಾಗಿರುತ್ತಾರೆ. ದೊಡ್ಡ ಮನೆ, ಒದ್ದೆ ಹಾಸಿಗೆ ಬಟ್ಟೆಗಳ ನಡುವೆ ದಾರಿ. ಬೂಟು ಹಾಕಿದ ಒಂದು ದೊಡ್ಡ ನಾಯಿ ಅಟ್ಟಿಸಿಕೊಂಡು ಬರುತ್ತದೆ. ಅದು ಬಂದಾಗ ಪುಫ್ ಉಸಿರು ಬಿಗಿಹಿಡಿಯಬೇಕು, ಹಿಡಿಯಲಾಗದಿದ್ದರೆ ಸಿಕ್ಕಿಬೀಳುತ್ತಾನೆ. ಮಗುವಿನ ಏದುಸಿರು ಎಷ್ಟು ನಿಜವಾಗಿದೆ ಅಂದರೆ ಕಿವಿಯಿಂದ ಹೆಡ್‌ಫೋನ್ ಕಿತ್ತು ಎಸೆದೆ. ನಮ್ಮ ಮುಖ್ಯಸ್ಥೆ ಆಲ್ಡಿಯಾ ಮೇಡಂ ಹಾದುಹೋಗುತ್ತಿದ್ದವರು ನಿಂತರು.

“ಏನಮ್ಮ ಇಂಗ್ಲಿಷ್ ಹುಡುಗಿ, ಮುಖ ಮೊಸರಾಗಿದೆ? ಆಟ ಹೆದರಿಸ್ತಾ?”

“ಮಕ್ಕಳಿಗೆ ತಕ್ಕದ್ದಲ್ಲ ಮೇಡಂ.”

“ತಕ್ಕದ್ದೋ ಅಲ್ವೋ ಹೇಳೋಕೆ ಅಲ್ಲಿ ನಾಲ್ಕು ಜನ ಸಂಬಳ ಇಲ್ದೆ ಕೂತಿದಾರೆ. ನೀನು ಆಡು ತಾಯಿ, ಅಷ್ಟೇ.”

ಸರಿ ಅಂದೆ. ಒಳಗೊಳಗೇ ನಕ್ಕೆ.

ಎಣಿಸುವವಳ ಬಗ್ಗೆ ಕೇಳಿದ್ದೆಯಲ್ಲ. ಅವಳೊಂದು ದಂಡಪಿಂಡ ಕಣೇ. ಸಂಜೆಯಾದರೆ ಕೈಯಲ್ಲೊಂದು ಪಟ್ಟಿ ಹಿಡಿದು ಬರುತ್ತಾಳೆ, ಎಂಟು ಮಂಚ ಎಣಿಸುತ್ತಾಳೆ, ಒಂದು ಖಾಲಿ ಇದ್ದರೂ “ಎಲ್ಲರೂ ಇದ್ದಾರೆ” ಅಂದು ಹೋಗುತ್ತಾಳೆ. ಅಟ್ಟಿಸಿಕೊಂಡು ಬರುವುದಿಲ್ಲ, ಕಚ್ಚುವುದಿಲ್ಲ. ವಾರ್ಡನಮ್ಮನ ಗೊಂಬೆ ಇರಬೇಕು. ಮಕ್ಕಳು ನಾಯಿಗಿಂತ ಅವಳಿಗೇ ಹೆಚ್ಚು ಹೆದರುತ್ತಾರಂತೆ, ಯಾಕೋ ನನಗೆ ಅರ್ಥವಾಗಲಿಲ್ಲ. ಸಮಿತಿಗೆ ಅವಳನ್ನು ತೋರಿಸಿ ಹೊತ್ತು ಹಾಳುಮಾಡುವುದಿಲ್ಲ. ನಾಯಿ, ಏದುಸಿರು, ಕತ್ತಲೆ, ಬಾಗಿಲು ಬಡಿಯುವ ಕೈ. ಇಷ್ಟು ಸಾಕು.

ಏಪ್ರಿಲ್ 4ಕ್ಕೆ ಸಭೆ. 6ಕ್ಕೆ ಅಂಕಿಅಂಶದ ಪರೀಕ್ಷೆ, ಅದನ್ನು ನೆನೆದರೆ ಮಾತ್ರ ಅಳು ಬರುತ್ತದೆ.

ನಿನ್ನವಳೇ,
ಸ್ಮರಾಂಡ

*

ಸಿಬಿಯು
25 ಮಾರ್ಚ್ 2023

ಸ್ಮರಾಂಡ,

ಎಣಿಸುವವಳ ಬಗ್ಗೆ ನೀನು ಬರೆದದ್ದನ್ನು ಮೂರು ಸಲ ಓದಿದೆ. ಅವಳನ್ನು ಇನ್ನೊಮ್ಮೆ ನೋಡು. ಆತುರಪಡಬೇಡ.

ನನಗೆ ಸೇಡು ತೀರಿಸಿಕೊಡು ಅಂತ ನಾನು ಕೇಳಿಲ್ಲ. ಇದನ್ನು ಗಮನಿಸಿ ಓದು, ನೀನು ಓದುವಾಗ ಹಾರಿಸಿಬಿಡುತ್ತೀಯ. ಆಟ ಕೆಟ್ಟದ್ದಾಗಿದ್ದರೆ ಕೆಟ್ಟದ್ದು ಅಂತ ತೋರಿಸು. ಆದರೆ ಕೊನೆಯವರೆಗೆ ಆಡು, ಕೊನೆಯವರೆಗೆ ತೋರಿಸು. ಎರಡನೇ ಸಲ ಹೇಳುತ್ತಿದ್ದೇನೆ.

ಪರೀಕ್ಷೆಗೆ ಓದಿಕೋ.

ಇಲಿಂಕ

*

ಬುಖಾರೆಸ್ಟ್
7 ಏಪ್ರಿಲ್ 2023

ಇಲಿಂಕ!

ಹದಿನೆಂಟು! ನಾಲ್ಕಕ್ಕೆ ನಾಲ್ಕೂ ಚೀಟಿ ಹದಿನೆಂಟು!

ನೀನು ಅಲ್ಲಿರಬೇಕಿತ್ತು. ಚಹಾ, ಎಳ್ಳು ಹಚ್ಚಿದ ಕೊವ್ರಿಗ್ ರೊಟ್ಟಿ, ಎಂದಿನ ಹಾಗೆ. ಫಾದರ್ ಝೋಸಿಮ್ ಬಾಯಿ ತುಂಬ ತುಂಬಿಕೊಂಡು “ಇವತ್ತು ಏನಮ್ಮ, ಕಾರ್ ರೇಸೋ ಕೊಲೆಯೋ?” ಅಂತ ನಗಿಸುತ್ತಿದ್ದರು. ನಾನು ದೀಪ ಆರಿಸಿದೆ. ನೇರ ಒಣಗಿಸುವ ಕೋಣೆಗೆ ಹೋದೆ. ಬೇಕಂತಲೇ ನಿಧಾನ ಆಡಿದೆ, ನಾಯಿಗೆ ಐದು ಸಲ ಸಿಕ್ಕಿಬಿದ್ದೆ. ಪ್ರತಿ ಸಲವೂ ಆ ಮಗುವಿನ ಕೈ ಬಾಗಿಲು ಬಡಿಯುವುದು, ನಿಲ್ಲುವುದು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಫಾದರ್ ಅರ್ಧ ತಿಂದ ಕೊವ್ರಿಗ್ ಕೆಳಗಿಟ್ಟರು.

“ಈ ಮಗು ಆಚೆ ಬರುತ್ತಾ?” ಅಂತ ಕೇಳಿದರು.

“ಆಟ ಪೂರ್ತಿ ಹೀಗೇ ಫಾದರ್.”

“ದೇವರೇ. ಇದನ್ನ ಯಾವ ಪಾಪಿ ಮಾಡಿದ್ದು?”

ಹೆಸರು ಹೇಳಿದೆ. ನಿಧಾನಕ್ಕೆ, ಒಂದೊಂದೇ ಅಕ್ಷರ. ಏಳು ವರ್ಷದ ಹಸಿವು ಹಿಂಗಿದ ಹಾಗಾಯಿತು.

ನಿನಗೊಬ್ಬಳಿಗೇ ಹೇಳುತ್ತೇನೆ, ಕೊನೆಯ ಆರೇಳು ಗಂಟೆ ನಾನು ಆಡಲೇ ಇಲ್ಲ. ಪರೀಕ್ಷೆ ತಲೆಮೇಲಿತ್ತು. ಪುಸ್ತಕದಲ್ಲಿ ‘ಪೂರ್ತಿ ಆಡಿದ್ದೇನೆ’ ಅಂತ ಸಹಿ ಹಾಕಿದೆ. ಹೊರಿಯಾನಂಥವನು ಕೊನೆಗೆ ಏನು ಇಟ್ಟಿರುತ್ತಾನೆ, ಇನ್ನೊಂದು ನಾಯಿ! ನಿನಗೆ ಬೇಸರವಿಲ್ಲ ತಾನೆ?

ಈಸ್ಟರ್‌ಗೆ ಅಜ್ಜಿ ಮಾಡಿದ ಕೊಝೊನಾಕ್ ಸಿಹಿರೊಟ್ಟಿ ಪಾರ್ಸೆಲ್ ಮಾಡುತ್ತೇನೆ. ತಿಂದು ಸಂತೋಷವಾಗಿ ಮಲಗು. ಬಾಗಿಲು ಹಾಕಿಕೊಂಡೇ ಮಲಗು, ಈಗ ಯಾರಿಗೂ ಹೆದರಬೇಕಾಗಿಲ್ಲ.

ಗೆದ್ದ,
ಸ್ಮರಾಂಡ

*

ಸಿಬಿಯು
24 ಏಪ್ರಿಲ್ 2023

ಮಿಸ್ ಸ್ಮರಾಂಡ,

ಹಾಸ್ಟೆಲಿನಲ್ಲಿ ವಾರ್ಡನ್ ನಿನ್ನನ್ನು ಹೀಗೇ ಕರೆಯುತ್ತಿದ್ದರು. ದಾನಿಗಳು ಬಂದಾಗ ಇಂಗ್ಲಿಷಿನಲ್ಲಿ ಸ್ವಾಗತ ಹೇಳುವವಳು ನೀನೇ ಅಂತ ನಿನಗೆ ಕೋಣೆಯ ಲೀಡರ್ ಪಟ್ಟ, ಹಾಜರಿ ಪಟ್ಟಿ. ಅದು ನಿನಗೆ ನೆನಪಿಲ್ಲ. ನಿನ್ನ ಮೂರು ಕಾಗದದಲ್ಲಿ ಎಲ್ಲಿಯೂ ಇಲ್ಲ. ಮೂಗು ಇದೆ, ಕಿಟಕಿ ಇದೆ, ಅತ್ತದ್ದು ಇದೆ. ಪಟ್ಟಿ ಇಲ್ಲ.

ನಾನು ನೆನಪಿಸುತ್ತೇನೆ. ಆ ಭಾನುವಾರ ಸಂಜೆ ಹಾಜರಿಗೆ ಮೊದಲು ನೀನು ಒಣಗಿಸುವ ಕೋಣೆಯ ಬಾಗಿಲಿಗೆ ಬಂದೆ. ನಾನು ನಿನ್ನ ಹೆಸರು ಹಿಡಿದು ಕೂಗಿದೆ. ನೀನು “ಸ್ವಲ್ಪ ತಾಳ್ಕೋ ಇಲಿಂಕ, ಯಾರಾದ್ರೂ ಬಂದು ತೆಗೀತಾರೆ” ಅಂದೆ. ಚಿಲಕ ನಿನ್ನ ಕೈಗೆ ಎಟಕುತ್ತಿತ್ತು. ಆಮೇಲೆ ಹೋಗಿ ಎಂಟು ಮಂಚ ಎಣಿಸಿ, “ಎಲ್ಲರೂ ಇದ್ದಾರೆ” ಅಂತ ಸಹಿ ಹಾಕಿದೆ. ತಿಂಗಳಿಡೀ ಹಾಜರಿ ತಪ್ಪದ ಕೋಣೆಗೆ ಪೇಟೆಯಲ್ಲಿ ಸಿನಿಮಾ ತೋರಿಸುತ್ತಿದ್ದರು. ಸಿನಿಮಾ ಚೆನ್ನಾಗಿತ್ತಾ?

‘ಎಂಟನೇ ಮಂಚ’ದ ಕಥೆ ಬರೆದವಳು ನಾನು. ಅಮ್ಮ ನಿನಗೆ ಹೇಳಿದ ಬರೆಯುವ ಕೆಲಸ ಅದೇ. ಎರಡು ವರ್ಷದ ಕೆಲಸ. ಹೊರಿಯಾ ಚಿತ್ರ ಬರೆದವನು, ಕಂಪನಿ ಅವನ ಹೆಸರಿನಲ್ಲಿದೆ. ಮೂರು ವರ್ಷದ ಹಿಂದೆ ಅವನು ನಮ್ಮ ಮನೆ ಬಾಗಿಲಿಗೆ ಬಂದು ನಿಂತ. ಅಮ್ಮ ಕೈಗೆ ಸಿಕ್ಕ ಸೌಟಿನಲ್ಲಿ ಹೊಡೆದರು. ಮರುದಿನ ಮತ್ತೆ ಬಂದ. ಬೂಟು ಹಾಕಿದ ನಾಯಿ ಅವನೇ, ಅವನೇ ಬರೆದುಕೊಂಡ. ಅವನನ್ನು ನಾನು ಕ್ಷಮಿಸಿದೆನೋ ಇಲ್ಲವೋ ಅದು ನಮ್ಮಿಬ್ಬರಿಗೆ ಬಿಟ್ಟದ್ದು. ಆದರೆ ಅವನು ತಾನು ಯಾರು ಅಂತ ತಿಳಿದುಕೊಂಡು ಬಂದಿದ್ದ.

ಎಣಿಸುವವಳು ನೀನು. ಹೊರಿಯಾ ಮೊದಲು ಬರೆದ ಚಿತ್ರದಲ್ಲಿ ಅವಳಿಗೆ ಉದ್ದ ಮೂಗಿತ್ತು. ನಾನೇ ತೆಗೆಸಿದೆ, ಯಾರಿಗೂ ಗುರುತು ಸಿಗಬಾರದು ಅಂತ. ಮೂಗಿಲ್ಲದಿದ್ದರೆ ನಿನಗೆ ನೀನೇ ಗುರುತು ಸಿಗುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ.

ಆಟ ಮಾಡುವವರು ನಿಮ್ಮ ಜೊತೆ ಮಾತಾಡಬಾರದು ಅನ್ನುವ ನಿಯಮ ನನಗೂ ಇದೆ. ಮುರಿದೆ. ಹೆಸರು ಹೇಳದೆ ಎರಡು ಸಲ ನಿನಗೆ ದಾರಿ ತೋರಿಸಿದೆ: ಅವಳನ್ನು ನೋಡು, ಕೊನೆಯವರೆಗೆ ಆಡು. ನೀನು ನೋಡಲಿಲ್ಲ, ಆಡಲಿಲ್ಲ. ಮತ್ತೆ ಸಹಿ ಹಾಕಿದೆ.

ನಾವು ಮೇಲ್ಮನವಿ ಹಾಕಿದ್ದೇವೆ. ಮೇ 18. ಮೇಲ್ಮನವಿಯಲ್ಲಿ ಯಾವ ಭಾಗ ತೋರಿಸಬೇಕು ಅಂತ ನಾವು ಹೇಳಬಹುದು, ತೋರಿಸುವವಳು ಮೊದಲು ತೋರಿಸಿದವಳೇ ಆಗಿರಬೇಕು. ನಾವು ಕೊನೆಯ ಭಾಗ ಕೇಳಿದ್ದೇವೆ. ನಾನು ಬರುತ್ತೇನೆ. ನಿನ್ನ ಕಾಗದಗಳನ್ನು ನಾನು ಹರಿದಿಲ್ಲ.

ಇಲಿಂಕ

*

ಬುಖಾರೆಸ್ಟ್
2 ಮೇ 2023

ಇಲಿಂಕ,

ಈ ಕಾಗದ ಐದನೇ ಸಲ ಬರೆಯುತ್ತಿದ್ದೇನೆ. ಊಟ ಸೇರುತ್ತಿಲ್ಲ. ದಾರಿಯಲ್ಲಿ ಅಂಚೆಯವನನ್ನು ಕಂಡರೆ ರಸ್ತೆ ದಾಟಿಬಿಡುತ್ತೇನೆ.

ನಾನು ಹನ್ನೆರಡು ವರ್ಷದವಳಿದ್ದೆ ಕಣೇ. ವಾರ್ಡನ್ ಮಗ ಹಾಕಿದ ಚಿಲಕ ತೆಗೆದರೆ ನನ್ನನ್ನೂ ಒಳಗೆ ಹಾಕುತ್ತಿದ್ದರು. ಅಪ್ಪ ಬಿಟ್ಟುಹೋಗಿ ಆಗ ಎರಡೇ ತಿಂಗಳಾಗಿತ್ತು, ನನಗೂ ಯಾರೂ ಇರಲಿಲ್ಲ. ಮಕ್ಕಳಿಗೆ ಅಷ್ಟೆಲ್ಲ ತಿಳಿಯುತ್ತದಾ?

ದಯವಿಟ್ಟು ಆ ಕಾಗದಗಳನ್ನು ತರಬೇಡ. ಕೆಲಸ ಹೋದರೆ ಓದೂ ಹೋಗುತ್ತದೆ. ನಿನ್ನ ಆಟಕ್ಕೆ 12 ಬರುವ ಹಾಗೆ ಆಡುತ್ತೇನೆ, ಆಣೆ.

ಸ್ಮರಾಂಡ

*

ಸಿಬಿಯು
8 ಮೇ 2023

ಆಗ ನಾನೂ ಹನ್ನೆರಡು ವರ್ಷದವಳೇ.

ಇದು ಚಿಕ್ಕವರಿಗೆ ತಕ್ಕದ್ದಲ್ಲ ಅಂತ ಹದಿನೆಂಟು ಕೊಡಿಸಿದೆಯಲ್ಲ, ನನಗೆ ಆ ವಯಸ್ಸಿಗೆ ಇದನ್ನು ಆಡಲು ಕೊಡುವಾಗ ಯಾರೂ ಡಬ್ಬಿಯ ಮೂಲೆ ನೋಡಲಿಲ್ಲ. ಈಗ ಯಾವುದೋ ಹಾಸ್ಟೆಲಿನಲ್ಲಿ ಒಂದು ಮಗು ಒಳಗಿದೆ, ಇನ್ನೊಂದು ಮಗು ಪಟ್ಟಿ ಹಿಡಿದು ಬಾಗಿಲ ಹೊರಗಿದೆ. ಇಬ್ಬರಿಗೂ ಹನ್ನೆರಡು. ಆಟ ಅವರಿಬ್ಬರಿಗಾಗಿ. ಮೂವತ್ತೊಂದು ಹಾಸ್ಟೆಲುಗಳು ಬೇಕು ಅಂತ ಬರೆದಿದ್ದವು. ನಿನ್ನ ನಾಲ್ಕು ಚೀಟಿ ಬಿದ್ದ ವಾರವೇ ಮೂವತ್ತೊಂದೂ ಬೇಡ ಅಂದವು.

12 ಬರುವ ಹಾಗೆ ಆಡಬೇಡ. ಇರುವ ಹಾಗೆ ಆಡು.

ಕಾಗದ ತರುತ್ತೇನೆ.

ಇಲಿಂಕ

*

ಬುಖಾರೆಸ್ಟ್
19 ಮೇ 2023

ಇಲಿಂಕ, ನನ್ನ ಇಲಿಂಕ,

ನಿನ್ನೆಯಿಂದ ಕೂತಲ್ಲಿ ನಿಂತಲ್ಲಿ ಅಳುತ್ತಿದ್ದೇನೆ, ಆದರೆ ಇದು ಹಗುರಾದ ಅಳು. ನೀನು ನನ್ನ ಜೊತೆ ಒಂದು ಮಾತೂ ಆಡದೆ ಹೋದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಒಳಗೆ ಬಂದು ನನ್ನ ಕಾಗದಗಳಿದ್ದ ಕಂದು ಲಕೋಟೆಯನ್ನು ಮೇಜಿನ ಮೇಲೆ ಇಟ್ಟೆ. ಹೊರಿಯಾ ನಿನ್ನ ಪಕ್ಕ ತಲೆ ತಗ್ಗಿಸಿ ಕೂತಿದ್ದ, ಎಷ್ಟು ಸೊರಗಿದ್ದಾನೆ. ಕೊನೆಯ ಭಾಗ ನಾನು ನೋಡಿಯೇ ಇರಲಿಲ್ಲ. ಪುಫ್ ಒಣಗಿಸುವ ಕೋಣೆಯಲ್ಲಿದ್ದಾನೆ. ಹೊರಗೆ ಎಣಿಸುವವಳು ಬಂದಳು. ಎಣಿಸಿದಳು. ಹೋದಳು. ನಾನು ಓಡಲು ನೋಡಿದೆ, ಓಡಲು ಜಾಗವಿಲ್ಲ. ಉಸಿರು ಬಿಗಿಹಿಡಿದೆ, ಏನೂ ಆಗಲಿಲ್ಲ. ಅವಳು ಮತ್ತೆ ಬಂದಳು, ಮತ್ತೆ ಹೋದಳು.

“ಏನಮ್ಮಾ, ದಾರಿ ಮರ್ತೋಯ್ತಾ?” ಆಲ್ಡಿಯಾ ಮೇಡಂ. “ಪೂರ್ತಿ ಆಡಿದೀನಿ ಅಂತ ಸಹಿ ಇದೆಯಲ್ಲ?”

“ತುಂಬ ದಿನ ಆಯ್ತು ಮೇಡಂ.”

ನಾನು ನಿನ್ನ ಕಡೆ ನೋಡಿದೆ. ನೀನು ಲಕೋಟೆಯ ಮೇಲೆ ಕೈ ಇಟ್ಟುಕೊಂಡು ಪರದೆ ನೋಡುತ್ತಿದ್ದೆ. ಅವಳು ಮೂರನೇ ಸಲ ಬಂದಾಗ ಫಾದರ್ ಝೋಸಿಮ್ ಕುರ್ಚಿಯಿಂದ ಅರ್ಧ ಎದ್ದರು.

“ಕೂಗಮ್ಮಾ! ಅವಳಿಗೆ ಕೇಳಿಸುತ್ತೆ, ಕೂಗು!”

ಕೂಗುವ ಗುಂಡಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಷ್ಟು ಗಂಟೆ ಬರೀ ಅಡಗಿಕೊಂಡು ಆಡಿದ್ದೆ. ಒತ್ತಿದೆ. “ನಾನು ಮಂಚದಲ್ಲಿಲ್ಲ! ಇಲ್ಲಿದ್ದೀನಿ!” ಅಂತ ಪುಫ್ ಕಿರುಚಿದ. ಎಣಿಸುವವಳು ನಿಂತಳು. ಪಟ್ಟಿ ನೋಡಿದಳು. “ಏಳೇ ಜನ” ಅಂದಳು. ಅಷ್ಟೇ, ಮನೆಯ ಬಾಗಿಲೆಲ್ಲ ಒಂದಾದ ಮೇಲೊಂದು ತೆರೆದುಕೊಂಡವು. ಡಾಕ್ಟರಮ್ಮ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು.

ಆಮೇಲೆ ಪರದೆಯ ಮೇಲೆ ಆ ಪ್ರಶ್ನೆ: ಎಣಿಸುವವಳನ್ನು ಜೊತೆಗೆ ಕರೆದುಕೊಂಡು ಹೋಗುವುದೋ, ಅಲ್ಲೇ ಬಿಟ್ಟು ಹೋಗುವುದೋ. ಕರೆದುಕೊಂಡು ಹೋಗು ಅಂತ ಒತ್ತಿದೆ.

ಚೀಟಿ ಬಿಚ್ಚಿದರೆ ಮೂರು ಹನ್ನೆರಡು, ಒಂದು ಏಳು. ಏಳು ಹಾಕಿದ್ದು ಫಾದರ್. “ನನ್ನ ಭಾನುವಾರದ ಮಕ್ಕಳಿಗೆ ನಾನೇ ಕೂತು ಆಡಿಸ್ತೀನಿ, ಯಾವನು ಏನು ಮಾಡ್ತಾನೆ ನೋಡೋಣ” ಅಂತ ಮೇಜು ಗುದ್ದಿದರಲ್ಲ!

ನೀನು ಲಕೋಟೆ ತೆರೆಯಲಿಲ್ಲ. ಹಾಗೇ ಚೀಲಕ್ಕೆ ಹಾಕಿಕೊಂಡು ಎದ್ದೆ. ಆಗಲೇ ನನಗೆ ಗೊತ್ತಾಯಿತು, ನೀನು ನನ್ನನ್ನು ಕ್ಷಮಿಸಿದೆ ಅಂತ. ಅಷ್ಟು ದೊಡ್ಡ ಮನಸ್ಸು ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ರಜೆಯಲ್ಲಿ ಸಿಬಿಯುಗೆ ಬರಲಾ?

ನಿನ್ನ ಋಣದಲ್ಲಿರುವ,
ಸ್ಮರಾಂಡ

*

ಸಿಬಿಯು
27 ಮೇ 2023

ಸ್ಮರಾಂಡ,

ಬರಬೇಡ.

ನಾನು ಕ್ಷಮಿಸಿಲ್ಲ. ನೀನು ಆಟವನ್ನು ಓದಿದ ಹಾಗೇ ನನ್ನನ್ನೂ ಓದುತ್ತೀಯ, ಅರ್ಧಕ್ಕೆ ನಿಲ್ಲಿಸಿ ಸಹಿ ಹಾಕುತ್ತೀಯ.

ಲಕೋಟೆ ಯಾಕೆ ತೆರೆಯಲಿಲ್ಲ ಅಂದರೆ, ನಿಮ್ಮ ನಿಯಮ ಪುಸ್ತಕದಲ್ಲಿ ಹೀಗಿದೆ: ತೋರಿಸಿದವಳ ದಿನಚರಿ ಸುಳ್ಳು ಅಂತ ಸಾಬೀತಾದರೆ ಅವಳು ತೋರಿಸಿದ ಆಟದ ಎಲ್ಲ ತೀರ್ಪೂ ರದ್ದು, ಮೇಲ್ಮನವಿಯದೂ ಸೇರಿ. ಆಟ ಮತ್ತೆ ಸಾಲಿನ ಕೊನೆಗೆ. ಮುಂದಿನ ಸಭೆ ಅಕ್ಟೋಬರ್. ನಮ್ಮ ಆಟ ಹೊರಗೆ ಬರುವುದು ಜೂನ್ 16, ಶಾಲೆ ಮುಗಿಯುವ ದಿನ. ಲಕೋಟೆ ತೆರೆದಿದ್ದರೆ ನಿನ್ನ ಜೊತೆ ನನ್ನ ಆಟವೂ ಬೀಳುತ್ತಿತ್ತು. ಅಷ್ಟೇ. ದೊಡ್ಡ ಮನಸ್ಸು ಎಲ್ಲಿ ಕಂಡಿತೋ ನಿನಗೆ.

ಹಾಸ್ಟೆಲುಗಳಿಗೆ ಆಟ ತಲುಪಿ, ಬೇಸಿಗೆ ಮುಗಿದು, ಮಕ್ಕಳೆಲ್ಲ ಆಡಿದ ಮೇಲೆ ತೀರ್ಪು ರದ್ದಾದರೆ ನನಗೇನು? ಆಗ ಕಳಿಸುತ್ತೇನೆ. ಸೆಪ್ಟೆಂಬರೋ, ನಿನ್ನ ಎರಡನೇ ವರ್ಷವೋ, ಕೊನೆಯ ಪರೀಕ್ಷೆಯ ಹಿಂದಿನ ದಿನವೋ. ತೀರ್ಮಾನಿಸಿಲ್ಲ. ದೂರಿಗೆ ಮೂರು ವರ್ಷ ಅವಧಿ ಇದೆ. ಬಾಗಿಲು ಯಾವಾಗ ತೆರೆಯುತ್ತದೆ ಅಂತ ಗೊತ್ತಿಲ್ಲದೆ ಕೂತಿರುವುದು ಹೇಗಿರುತ್ತದೆ, ನೋಡು.

ಇನ್ನೊಂದು. ನಾಲ್ಕು ಊರಿನಲ್ಲಿ ಮಕ್ಕಳ ಕೈಲಿ ಕೊನೆಯ ಭಾಗ ಆಡಿಸಿ ನೋಡಿದ್ದೇವೆ. ಹನ್ನೆರಡು ವರ್ಷದವರಲ್ಲಿ ಹೆಚ್ಚಿನವರು ಎಣಿಸುವವಳನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಒಬ್ಬ ಹುಡುಗಿ ಹೇಳಿದಳು, “ಇರ್ಲಿ ಬಿಡಿ, ಎಣಿಸ್ಕೊಂಡಿರ್ಲಿ.” ನೀನು ಮಾತ್ರ ಕರೆದುಕೊಂಡು ಹೋದೆ. ನಿನ್ನನ್ನು ನೀನು ಎಷ್ಟು ಬೇಗ ಕ್ಷಮಿಸುತ್ತೀಯ.

ಇಲಿಂಕ

*

ಬುಖಾರೆಸ್ಟ್
9 ಜೂನ್ 2023

ಇಲಿಂಕ,

ಹನ್ನೊಂದು ದಿನ ತಡೆದುಕೊಂಡೆ. ನೀನು ಹದಿನೆಂಟು ಗಂಟೆ ತಡೆದಿದ್ದೆ, ಲೆಕ್ಕಕ್ಕೆ ನಾನೇ ಹೆಚ್ಚು ಅಂತ ಜಗಳ ಆಡುವುದಿಲ್ಲ. ವಿದ್ಯುತ್ ಬಿಲ್ಲನ್ನು ಮನೆಯೊಡತಿ ಬಾಗಿಲ ಕೆಳಗೆ ತಳ್ಳಿದರೆ ವಾಂತಿ ಮಾಡಿಕೊಂಡೆ. ಮೂರು ವರ್ಷ ಹೀಗೆ ನನ್ನ ಕೈಲಾಗುವುದಿಲ್ಲ.

ಇವತ್ತು ಬೆಳಿಗ್ಗೆ ಆಲ್ಡಿಯಾ ಮೇಡಂ ಕೋಣೆಗೆ ಹೋಗಿ ನಾನೇ ಹೇಳಿದೆ. ದಿನಚರಿ ಸುಳ್ಳು, ಕೊನೆಯ ಆರೇಳು ಗಂಟೆ ಆಡಿಲ್ಲ, ಹಗೆಯಿಂದ ತೋರಿಸಿದೆ. ಹಾಜರಿ ಪಟ್ಟಿಯ ವಿಷಯವನ್ನೂ ಹೇಳಿದೆ. ಅದನ್ನು ಅವರು ಕೇಳಿರಲಿಲ್ಲ. ನಿನ್ನ ಕಾಗದಗಳ ವಿಷಯ ಎತ್ತಲಿಲ್ಲ.

ಅವರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ಹನ್ನೆರಡು ಸಿಕ್ತು, ಎಲ್ಲ ಮುಗೀತು. ಈಗ ಯಾಕೆ ಬಂದೆ?”

“ಹೆದರಿಕೆ ಮೇಡಂ.”

“ಇನ್ನು ಆ ಆಟ ಅಕ್ಟೋಬರ್‌ಗೆ ಹೋಗುತ್ತೆ. ಪಾಪ ಆ ಹುಡುಗಿ ಏನು ಮಾಡಿದ್ಲು? ಇದು ಗೊತ್ತಿತ್ತಾ ನಿನಗೆ?”

ಗೊತ್ತಿಲ್ಲ ಅನ್ನಬಹುದಿತ್ತು. ಗೊತ್ತಿತ್ತು ಅಂದೆ. ನೀನೇ ಬರೆದಿದ್ದೆಯಲ್ಲ, ನಿಯಮ, ತಾರೀಖು ಎಲ್ಲ. ಮೆಟ್ಟಿಲು ಹತ್ತುವಾಗ ಅದೇ ತಲೆಯಲ್ಲಿತ್ತು. ಇನ್ನೊಂದು ವಾರ ತಾಳಿದ್ದರೆ ನಿನ್ನ ಆಟ ಹೊರಗೆ ಬಂದಿರುತ್ತಿತ್ತು, ಆಮೇಲೆ ಹೇಳಬಹುದಿತ್ತು. ತಾಳಲಿಲ್ಲ. ತಾಳಲಾಗಲಿಲ್ಲವೋ, ತಾಳಲು ಮನಸ್ಸಿರಲಿಲ್ಲವೋ, ನನ್ನನ್ನು ಕೇಳಬೇಡ. ನಿನ್ನ ಹಿಂದಿನ ಕಾಗದ ಓದಿ ನನಗೆ ನಾಚಿಕೆಯೂ ಆಗಿತ್ತು, ನಿನ್ನನ್ನು ಪರಚಿಬಿಡಬೇಕು ಅನ್ನಿಸುವಷ್ಟು ಸಿಟ್ಟೂ ಬಂದಿತ್ತು.

ಪ್ರಾಯಶ್ಚಿತ್ತ ಅಂತ ತಿಳಿದುಕೊಳ್ಳಬೇಡ. ಕೆಲಸ ಹೋಯಿತು. ಕಾಲೇಜಿಗೂ ಬರೆಯುತ್ತಾರಂತೆ. ಆ ಕಾಗದಗಳನ್ನು ಇಟ್ಟುಕೋ, ಸುಡು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕು. ಅವುಗಳಿಂದ ಇನ್ನು ಏನೂ ಆಗುವುದಿಲ್ಲ.

ಸ್ಮರಾಂಡ

*

ಸಿಬಿಯು
17 ಜೂನ್ 2023

ಸ್ಮರಾಂಡ,

ಸಮಿತಿಯ ಆದೇಶ ನಿನ್ನ ಕಾಗದಕ್ಕಿಂತ ಒಂದು ದಿನ ಮೊದಲೇ ಬಂತು. ನಿನ್ನೆ ಶಾಲೆಗಳು ಮುಗಿದವು. ನಮ್ಮ ಆಟ ಗೋದಾಮಿನಲ್ಲಿದೆ. ಬೇಕು ಅಂತ ಮತ್ತೆ ಬರೆದಿದ್ದ ಹಾಸ್ಟೆಲುಗಳಿಗೆ ಹೊರಿಯಾ ಒಂದೊಂದಕ್ಕೇ ಫೋನ್ ಮಾಡಿ ಅಕ್ಟೋಬರ್ ಅಂತ ಹೇಳುತ್ತಿದ್ದಾನೆ. ಇಪ್ಪತ್ತೆರಡು ಕಾಯುತ್ತೇವೆ ಅಂದಿವೆ, ಒಂಬತ್ತು ಬೇಡ ಅಂದಿವೆ. ಆ ಒಂಬತ್ತರಲ್ಲಿ ನಾವಿದ್ದ ಹಾಸ್ಟೆಲೂ ಒಂದು.

ಹೊರಿಯಾ ನಿನ್ನ ಕಾಗದ ಓದಿ, “ಇವಳೇನು ಹೆಣ್ಣೋ ಹಾವೋ” ಅಂದ. ನನಗೆ ನಗು ಬಂತು. ನಿಜವಾಗಿಯೂ ನಕ್ಕೆ, ಅವನು ಹೆದರಿ ನೀರು ತಂದುಕೊಟ್ಟ.

ನಿನಗೆ ಇದನ್ನು ಹೇಳಲೇಬೇಕು. ಏಳು ವರ್ಷ ನಾನು ನಿನ್ನನ್ನು ದ್ವೇಷಿಸಲು ಪಟ್ಟ ಕಷ್ಟ ನಿನಗೆ ಗೊತ್ತಿಲ್ಲ. ಹೊರಿಯಾ ಸುಲಭವಿದ್ದ, ತಳ್ಳಿದ, ಚಿಲಕ ಹಾಕಿದ. ನೀನು ಏನು ಮಾಡಿದೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿರುತ್ತಿರಲಿಲ್ಲ. ಏನೂ ಮಾಡಲಿಲ್ಲ. ಅಮ್ಮ ಕೂಡ ಅಂದರು, “ಪಾಪ, ಅವಳೂ ಮಗು ಅಲ್ವೇನೇ.” ನಲವತ್ತು ಗಂಟೆಯ ಆಟ ಬರೆಯಬೇಕಾಯಿತು, ನೀನು ಮಾಡದೆ ಹೋದದ್ದನ್ನು ಜನಕ್ಕೆ ಕಾಣಿಸಲು.

ಈಗ ಅಷ್ಟೆಲ್ಲ ಬೇಕಾಗಿಲ್ಲ. ನೀನು ಗೊತ್ತಿದ್ದೂ ಮೆಟ್ಟಿಲು ಹತ್ತಿದೆ, ಬಾಗಿಲು ತಟ್ಟಿದೆ, ನಿನ್ನ ಕೈಯಾರೆ ನನ್ನ ಆಟ ಬೀಳಿಸಿದೆ. ಒಂದೇ ಸಾಲಿನಲ್ಲಿ ಹೇಳಬಹುದು, ಅಮ್ಮನಿಗೂ ಅರ್ಥವಾಗುತ್ತದೆ.

ನಿನ್ನೆ ಬಹಳ ಚೆನ್ನಾಗಿ ನಿದ್ದೆ ಬಂತು.

ಇಲಿಂಕ